ಜಗಲಿಯ ಮೇಲೊಂದು ಸಾಣೆಯಂತ್ರ

"ಸಾಣೆ ಹಿಡಿಸ್ತೀರಾ, ಸಾಣೆ!" ಎಂದು ಕೂಗುತ್ತ ಬೀದಿಯಲ್ಲಿ ಬರುತ್ತಿದ್ದವನನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹೆಗಲ ಮೇಲೊಂದು ಮರದ ಚೌಕಟ್ಟು, ಅದರಲ್ಲೊಂದು ದೊಡ್ಡ ಗಾಲಿ, ಮೇಲೊಂದು ಅಂಗೈಯಗಲದ ಸಾಣೆಕಲ್ಲು. ಚೌಕಟ್ಟನ್ನು ಮನೆಯ ಮುಂದೆ ಇಳಿಸಿ ಕಾಲುಮಣೆಯನ್ನು ತುಳಿದನೆಂದರೆ ಕಲ್ಲು ಗಿರ್ರನೆ ತಿರುಗುವುದು. ಈಳಿಗೆಯ ಅಲಗಿನಿಂದ ಕಿಡಿಗಳು ಹಾರುವುವು. ಬೀದಿಯ ಮಕ್ಕಳೆಲ್ಲ ಸುತ್ತ ನೆರೆಯುವರು. ಕಾಲು ನಿಂತರೆ ಕಲ್ಲೂ ನಿಲ್ಲುತ್ತಿತ್ತು. ಅದಕ್ಕೆ ಯಾರೂ ಹೆದರಬೇಕಾಗಿರಲಿಲ್ಲ.

ಈಗ ಅದೇ ಕೆಲಸಕ್ಕೆ ವಿದ್ಯುತ್ತಿನ ಯಂತ್ರ ಮನೆಗೇ ಬಂದಿದೆ. ಮಧ್ಯದಲ್ಲಿ ಮೋಟಾರು, ಎಡಕ್ಕೊಂದು ಬಲಕ್ಕೊಂದು ಚಕ್ರ. ಅಂಗಡಿಯವರು ಇದನ್ನು ಬೆಂಚ್ ಗ್ರೈಂಡರ್ ಎನ್ನುತ್ತಾರೆ. ಮಾಗಡಿಯ ರೈತನ ಮನೆಯಲ್ಲಿ ಕೊಡಲಿ ಕುಡುಗೋಲುಗಳಿಗೆ, ರಾಮನಗರದ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಕತ್ತರಿಸುವ ಕತ್ತಿಗಳಿಗೆ, ಕನಕಪುರದ ಕಡೆ ಕಲ್ಲುಕೆಲಸದವರ ಉಳಿಗಳಿಗೆ ಇದು ಬೇಕು. ಚನ್ನಪಟ್ಟಣದ ಬೊಂಬೆ ಕಡೆಯುವವರ ಮನೆಯಲ್ಲಂತೂ ಇದಿಲ್ಲದೆ ದಿನ ಸಾಗುವುದೇ ಕಷ್ಟ. ಆದರೆ ಇದನ್ನು ಕೊಂಡು ತಂದವರು ಹೆಚ್ಚಾಗಿ ಪ್ಲಗ್ಗು ಸಿಕ್ಕಿಸಿ ಒಡನೆಯೇ ಕೆಲಸಕ್ಕೆ ತೊಡಗುತ್ತಾರೆ. ಅದನ್ನು ಎಲ್ಲಿ ಕೂರಿಸಬೇಕು, ಚಕ್ರವನ್ನು ಹೇಗೆ ಏರಿಸಬೇಕು ಎಂಬುದನ್ನು ಕೇಳುವವರು ಕಡಮೆ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಚನ್ನಪಟ್ಟಣದ ಮಾತನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಕಲಾನಗರದಲ್ಲಿಯೂ ಸುತ್ತಿನ ಹಳ್ಳಿಗಳಲ್ಲಿಯೂ ಮನೆ ಮತ್ತು ಕಾರ್ಖಾನೆ ಎರಡೂ ಒಂದೇ ಸೂರಿನಡಿ ಇರುವುದು ಸಾಮಾನ್ಯ. ಲೇತಿನಲ್ಲಿ ಹಾಲೆಮರದ ತುಂಡು ತಿರುಗುತ್ತಿರುತ್ತದೆ. ಉಳಿಯಿಂದ ಅದಕ್ಕೆ ರೂಪ ಕೊಟ್ಟ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ನೋಡುವವರ ಕಣ್ಣು ಬಣ್ಣಕ್ಕೆ ಹೋಗುತ್ತದೆ; ಕಡೆಯುವವನ ಕಣ್ಣು ಮಾತ್ರ ಉಳಿಯ ಬಾಯಿಯ ಮೇಲಿರುತ್ತದೆ. ಉಳಿ ಮೊಂಡಾದರೆ ಮರದ ನಾರು ಕತ್ತರಿಸದೆ ಹರಿಯುತ್ತದೆ. ಹರಿದ ನಾರಿನ ಮೇಲೆ ಎಷ್ಟು ಉಪ್ಪುಕಾಗದ ತಿಕ್ಕಿದರೂ ಅರಗು ಬಿದ್ದೊಡನೆ ಗೀರುಗಳೆಲ್ಲ ಎದ್ದು ಕಾಣುತ್ತವೆ. ಆದ್ದರಿಂದ ದಿನಕ್ಕೆ ಹಲವು ಸಲ ಉಳಿಯನ್ನು ಚಕ್ರಕ್ಕೆ ಒಡ್ಡಬೇಕು. ಹಲವು ಸಲ ಎಂದಮೇಲೆ, ಅಷ್ಟು ಸಲವೂ ಮುಖ ಮತ್ತು ಕೈ ಆ ಚಕ್ರದ ಎದುರಿಗೆ ಬರುತ್ತವೆ ಎಂದಾಯಿತು.

ಆ ಚಕ್ರದ ವೇಗವೆಷ್ಟು? ನಮ್ಮ ದೇಶದ ೫೦ ಸೈಕಲ್ ವಿದ್ಯುತ್ತಿಗೆ ಇಂಥ ಮೋಟಾರು ನಿಮಿಷಕ್ಕೆ ಸುಮಾರು ೨,೮೫೦ ಸುತ್ತು ತಿರುಗುತ್ತದೆ. ೬ ಅಂಗುಲದ ಚಕ್ರವಾದರೆ ಅದರ ಅಂಚು ಸೆಕೆಂಡಿಗೆ ೨೨ ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅಂದರೆ ಗಂಟೆಗೆ ೮೦ ಕಿಲೋಮೀಟರು, ಮೈಸೂರು ರಸ್ತೆಯ ಬಸ್ಸಿನ ವೇಗ. ೮ ಅಂಗುಲದ್ದಾದರೆ ಗಂಟೆಗೆ ೧೦೭ ಕಿಲೋಮೀಟರು. ಮುಕ್ಕಾಲು ಕಿಲೋ ತೂಗುವ ಕಲ್ಲು ನಿಮ್ಮ ಎದೆಯ ಮುಂದೆ ಈ ವೇಗದಲ್ಲಿ ಸುತ್ತುತ್ತಿದೆ ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ, ಮುಂದೆ ಹೇಳುವ ಮಾತುಗಳು ಅತಿಯೆನಿಸಲಾರವು.

ಈ ಚಕ್ರ ಯಾವುದರಿಂದ ಆದದ್ದು ಎಂಬುದೂ ತಿಳಿದಿರಬೇಕು. ಪೇಟೆಯಲ್ಲಿ ಎಲ್ಲರೂ ಇದನ್ನು ಎಮರಿ ವೀಲ್ ಎಂದೇ ಕರೆಯುತ್ತಾರೆ. ಎಮರಿ ಎಂಬುದು ನೆಲದಲ್ಲಿ ಸಿಗುವ ಒಂದು ಗಡಸು ಕಲ್ಲು. ಇಂದಿನ ಚಕ್ರದಲ್ಲಿ ಅದಿಲ್ಲ, ಹೆಸರು ಮಾತ್ರ ಉಳಿದಿದೆ. ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ಕಂಡುಕೊಂಡರು. ಅದಕ್ಕೆ ಕಾರ್ಬೊರಂಡಂ ಎಂಬ ಹೆಸರು ಬಂತು. ಉಕ್ಕನ್ನು ಸವೆಸಲು ಇನ್ನೊಂದು ಕೃತಕ ಪದಾರ್ಥವಾದ ಅಲ್ಯೂಮಿನಿಯಂ ಆಕ್ಸೈಡ್ ಮೇಲು. ೧೯೫೪ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಂ ಯೂನಿವರ್ಸಲ್ ಕಂಪನಿ ಆರಂಭವಾಯಿತು. ಇಂಥ ಚಕ್ರಗಳು ನಮ್ಮ ದೇಶದಲ್ಲೇ ತಯಾರಾಗುತ್ತಿವೆ. ಇರಲಿ. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು ಸಂಗತಿ: ಈ ಗಡಸು ಹರಳುಗಳನ್ನು ಜೇಡಿಮಣ್ಣಿನಂಥ ಪದಾರ್ಥದೊಡನೆ ಕಲಸಿ, ಅಚ್ಚಿನಲ್ಲೊತ್ತಿ, ಗೂಡಿನಲ್ಲಿ ಸುಡುತ್ತಾರೆ. ಅಂದಮೇಲೆ ಸಾಮಾನ್ಯವಾದ ಗ್ರೈಂಡರ್ ಚಕ್ರ ಕುಂಬಾರನ ಮಡಕೆಯ ಜಾತಿಗೇ ಸೇರಿದ್ದು. ಉಕ್ಕನ್ನು ಸವೆಸಬಲ್ಲುದು, ಆದರೆ ಕೈತಪ್ಪಿ ನೆಲಕ್ಕೆ ಬಿದ್ದರೆ ಬಿರುಕು ಬಿಡುತ್ತದೆ. ಆ ಬಿರುಕು ಎಷ್ಟೋ ವೇಳೆ ಕಣ್ಣಿಗೆ ಕಾಣುವುದೂ ಇಲ್ಲ.

ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ನಮ್ಮ ತಾಯಂದಿರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದಿಲ್ಲವೆ? ಚಕ್ರಕ್ಕೂ ಅದೇ ಪರೀಕ್ಷೆ. ಚಕ್ರವನ್ನು ಒರೆಸಿ, ಒಣಗಿಸಿ, ನಡುವಿನ ತೂತಿಗೆ ಬೆರಳನ್ನೋ ಕಡ್ಡಿಯನ್ನೋ ತೂರಿಸಿ ತೂಗುಹಾಕಿ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ, ಅಂಚಿಗೆ ಒಂದೆರಡು ಅಂಗುಲ ಒಳಗೆ, ನಡುಗೆರೆಯ ಎಡಕ್ಕೂ ಬಲಕ್ಕೂ ಮೆಲ್ಲಗೆ ತಟ್ಟಿ. ಆಮೇಲೆ ಚಕ್ರವನ್ನು ಅರ್ಧ ಸುತ್ತು ಹೊರಳಿಸಿ ಮತ್ತೆ ತಟ್ಟಿ. "ಟಣ್" ಎಂದು ಸ್ಪಷ್ಟವಾದ ನಾದ ಬಂದರೆ ಸರಿ. ಒಡಕು ಮಡಕೆಯಂತೆ "ದಬ್" ಎಂದರೆ ಆ ಚಕ್ರವನ್ನು ಯಂತ್ರದ ಹತ್ತಿರಕ್ಕೂ ತರಬೇಡಿ. ರಾಳದಿಂದ ಬಂಧಿಸಿದ ಚಕ್ರಗಳೂ ಉಂಟು. ಅವುಗಳ ದನಿ ಸ್ವಭಾವತಃ ಮಂದ, ಮೇಲೆ ಅವಧಿಯ ತಾರೀಖು ಅಚ್ಚಾಗಿರುತ್ತದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ರೇಡಿಯೋ ಹಚ್ಚಿಕೊಂಡು ಮಾತ್ರ ಮಾಡಬೇಡಿ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಪರಿಚಯದ ಒಬ್ಬರು ತಮ್ಮ ಜಗಲಿಯ ಮೇಲೆ ಲೇತು ಇಟ್ಟುಕೊಂಡು ದುಡಿಯುವವರು. ೬ ಅಂಗುಲದ ಗ್ರೈಂಡರಿಗೆ ಗುಜರಿಯಿಂದ ೮ ಅಂಗುಲದ ಚಕ್ರವೊಂದನ್ನು ಅಗ್ಗಕ್ಕೆ ತಂದರು. ಅದು ಕಬ್ಬಿಣದ ಕವಚದೊಳಗೆ ಹಿಡಿಸಲಿಲ್ಲ, ಕವಚವನ್ನೇ ಬಿಚ್ಚಿಟ್ಟರು. ನಡುವಿನ ತೂತು ದೊಡ್ಡದಾಗಿತ್ತು. ಷಾಫ್ಟಿಗೆ ತಗಡು ಸುತ್ತಿ ಬಿಗಿ ಮಾಡಿದರು. ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ದಿನ ಬಿಸಿಯಾದ ಉಳಿಯನ್ನು ನೀರಿಗದ್ದಲು ಅವರು ಬಕೀಟಿನ ಕಡೆ ಬಗ್ಗಿದ್ದಾಗ ಚಕ್ರ ಒಡೆಯಿತು. ಒಂದು ಚೂರು ಮೇಲಿನ ಹಂಚನ್ನು ತೂತುಮಾಡಿಕೊಂಡು ಹೊರಗೆ ಹೋಯಿತು. ಇನ್ನೊಂದು ಚೂರು ಅವರ ಮಗಳು ಸಂಜೆ ಪಾಠ ಓದುವ ಬೆಂಚಿನ ಹಲಗೆಯನ್ನು ಸೀಳಿತ್ತು. ಅದು ಬೆಳಗಿನ ಹೊತ್ತು, ಹುಡುಗಿ ಶಾಲೆಯಲ್ಲಿದ್ದಳು. ಆ ಹಂಚಿನ ತೂತನ್ನು ಅವರು ಬಹುಕಾಲ ಹಾಗೆಯೇ ಬಿಟ್ಟಿದ್ದರು. ಮಳೆ ಬಂದಾಗ ಕೆಳಗೊಂದು ಪಾತ್ರೆ ಇಡುತ್ತಿದ್ದರು.

ಕಾರ್ಖಾನೆಗಳಲ್ಲಿ ಅಪಾಯಕರವಾದ ಯಂತ್ರಭಾಗಗಳಿಗೆ ಮರೆ ಇರಲೇಬೇಕೆಂದು ೧೯೪೮ರ ಕಾರ್ಖಾನೆಗಳ ಕಾಯಿದೆ ವಿಧಿಸಿತು; ನೋಡಿಹೋಗಲು ಇನ್‌ಸ್ಪೆಕ್ಟರೂ ಬರುವರು. ಮನೆಯ ಜಗಲಿಗೆ ಯಾವ ಇನ್‌ಸ್ಪೆಕ್ಟರು ಬರುತ್ತಾರೆ? ಅಲ್ಲಿ ಮನೆಯವರೇ ಇನ್‌ಸ್ಪೆಕ್ಟರು.

ಯಂತ್ರವನ್ನು ಕೂರಿಸುವ ಜಾಗದ ವಿಚಾರಕ್ಕೆ ಬರೋಣ. ಲೇತಿನ ಬೆಂಚಿನ ಒಂದು ತುದಿಗೇ ಗ್ರೈಂಡರನ್ನು ಬಿಗಿಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಎದ್ದು ಹೋಗುವ ಶ್ರಮ ತಪ್ಪುತ್ತದೆ. ಆದರೆ ಬೊಂಬೆಯ ಕೆಲಸಕ್ಕೆ ಇದು ಸಲ್ಲದು. ಲೇತಿನ ಕೆಳಗೆ ಒಣಗಿದ ಮರದ ಹೊಟ್ಟು ರಾಶಿ ಬಿದ್ದಿರುತ್ತದೆ, ಪಕ್ಕದಲ್ಲಿ ಅರಗು ಇರುತ್ತದೆ. ಗ್ರೈಂಡರಿನ ಕಿಡಿಗೆ ಇವೆರಡೂ ಒಳ್ಳೆಯ ಸೌದೆ. ಕಿಡಿ ಬಿದ್ದೊಡನೆ ಉರಿ ಏಳದೆ ಒಳಗೊಳಗೇ ಕನಿಯುತ್ತಿದ್ದು, ಎಲ್ಲರೂ ಊಟಕ್ಕೆ ಎದ್ದು ಹೋದಮೇಲೆ ಹೊತ್ತಿಕೊಳ್ಳುವುದೂ ಉಂಟು. ಇನ್ನೊಂದು ತೊಂದರೆ: ಚಕ್ರದಿಂದ ಉದುರುವ ಗಡಸು ಪುಡಿ ಲೇತಿನ ಬೇರಿಂಗಿಗೆ ಸೇರಿದರೆ ಅದನ್ನು ತಿಂದುಹಾಕುತ್ತದೆ, ಬಿಸಿ ಅರಗಿನ ಮೇಲೆ ಕೂತರೆ ಹೊಳಪಿನಲ್ಲಿ ಗೀರು ಬೀಳುತ್ತದೆ. ಆದ್ದರಿಂದ ಎರಡಕ್ಕೂ ನಡುವೆ ಕೆಲವು ಹೆಜ್ಜೆ ಅಂತರವಿರಲಿ. ಕಿಡಿ ಬೀಳುವ ಕಡೆ ಬರಿಯ ನೆಲವೋ ಗೋಡೆಯೋ ಇರಲಿ, ಹತ್ತಿರ ಒಂದು ಬಕೀಟು ಮರಳಿರಲಿ. ಬಾಗಿಲಿನ ಎದುರಿಗೆ, ಮಕ್ಕಳು ಓಡಾಡುವ ದಾರಿಯ ನೇರಕ್ಕೆ ಯಂತ್ರವನ್ನು ಇಡಬಾರದು. ಚಕ್ರ ಒಡೆದರೆ ಚೂರುಗಳು ಹಾರುವುದು ಅದು ತಿರುಗುವ ನೇರದಲ್ಲಿ.

ಯಂತ್ರದ ಪಾದ ಅಲುಗಬಾರದು. ಅಲುಗಿದರೆ ಚಕ್ರ ಒಂದೇ ಸಮನಾಗಿ ಸವೆಯದೆ ಉಬ್ಬುತಗ್ಗಾಗುತ್ತದೆ. ಉಬ್ಬುತಗ್ಗಾದ ಚಕ್ರ ಮತ್ತಷ್ಟು ಅದುರುತ್ತದೆ. ಈ ಸೀಮೆಯವರಿಗೆ ಇದಕ್ಕೆ ಬೇಕಾದ ಸಾಮಗ್ರಿ ಮನೆಯ ಹಿತ್ತಿಲಲ್ಲೇ ಬಿದ್ದಿರುತ್ತದೆ. ರಾಮನಗರದಿಂದ ಕನಕಪುರದವರೆಗೆ, ಮಾಗಡಿಯ ಸುತ್ತಲೂ, ಬೇಲಿಗೆ ಕಲ್ಲುಕಂಬ, ಚಾವಣಿಗೆ ಕಲ್ಲುಚಪ್ಪಡಿ ಹಾಕಿದ ನಾಡಲ್ಲವೆ ಇದು! ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಎರಡಂಗುಲ ದಪ್ಪದ ಒಂದು ಚಪ್ಪಡಿ ಸುಮಾರು ೧೮ ಕಿಲೋ ತೂಗುತ್ತದೆ. ಇಟ್ಟಿಗೆ ಸಿಮೆಂಟಿನ ಗಟ್ಟಿಯಾದ ಕಟ್ಟೆಯ ಮೇಲೆ ಇದನ್ನು ಕೂರಿಸಿದರೆ ಪೇಟೆಯ ಕಬ್ಬಿಣದ ಕಾಲುಗಳಿಗಿಂತ ಎಷ್ಟೋ ಮೇಲು. ಅಡಿಗೆಮನೆಯ ಕಟ್ಟೆಗೆ ಕಲ್ಲು ಹಾಸುವವರಲ್ಲಿ ಕಲ್ಲು ಕೊರೆಯುವ ಡ್ರಿಲ್ಲು ಇರುತ್ತದೆ. ಯಂತ್ರದ ಪಾದವನ್ನು ಚಪ್ಪಡಿಯ ಮೇಲಿಟ್ಟು ಪೆನ್ಸಿಲಿನಿಂದ ಗುರುತು ಮಾಡಿ, ಕಟ್ಟೆಗೆ ಕೂರಿಸುವ ಮೊದಲೇ ಆರುಪಾರು ತೂತು ಕೊರೆಸಿ. ಬೋಲ್ಟನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟುಕೊಂಡರೆ ಮುಂದೆ ಯಂತ್ರವನ್ನು ರಿಪೇರಿಗೆ ಬಿಚ್ಚುವುದು ಸುಲಭ. ಪಾದಕ್ಕೂ ಕಲ್ಲಿಗೂ ನಡುವೆ ಹಳೆಯ ಲಾರಿ ಟ್ಯೂಬಿನ ತುಂಡು, ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರು. ಮಣ್ಣಿನ ಗೋಡೆಗೆ ಬ್ರಾಕೆಟ್ಟು ಹೊಡೆದು ಯಂತ್ರ ನಿಲ್ಲಿಸುವ ಸಾಹಸ ಬೇಡ. ನಾಲ್ಕು ತಿಂಗಳಲ್ಲಿ ಅದು ಸಡಿಲವಾಗುತ್ತದೆ.

ಎತ್ತರ ಎಷ್ಟಿರಬೇಕು? ನಿಂತು ಕೆಲಸ ಮಾಡುವವರಿಗೆ ಉಳಿಯನ್ನು ಊರುವ ಪಟ್ಟಿ ಮೊಣಕೈಯ ಮಟ್ಟಕ್ಕೆ ಬರಬೇಕು. ಕೂತು ಮಾಡುವವರು ಕೂತೇ ಅಳೆದುಕೊಳ್ಳಲಿ. ಒಂದೇ ಯಂತ್ರವನ್ನು ಗಂಡಹೆಂಡಿರು ಇಬ್ಬರೂ ಬಳಸುವ ಮನೆಗಳು ಚನ್ನಪಟ್ಟಣದಲ್ಲಿ ಇವೆ. ಅಂಥಲ್ಲಿ ಗಿಡ್ಡಗಿರುವವರ ಅಳತೆಯೇ ಸರಿ. ತಲೆಯೆತ್ತಿ ಕೆಲಸ ಮಾಡುವವರ ಮುಖ ಚಕ್ರಕ್ಕೆ ಹತ್ತಿರವಾಗುತ್ತದೆ.

ಈಗ ಚಕ್ರವನ್ನು ಏರಿಸುವ ಕೆಲಸ. ಮೊದಲು ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಬಲಗಡೆಯ ನಟ್ಟು ಎಲ್ಲ ನಟ್ಟುಗಳಂತೆಯೇ ಬಿಚ್ಚುತ್ತದೆ. ಎಡಗಡೆಯದು ತದ್ವಿರುದ್ಧ, ಅದರ ಮರೆ ಎಡಮುರಿಯಾಗಿರುತ್ತದೆ. ಚಕ್ರ ತಿರುಗುವಾಗ ಎರಡು ನಟ್ಟುಗಳೂ ತಾವಾಗಿಯೇ ಬಿಗಿಯುತ್ತ ಹೋಗಲಿ, ಸಡಿಲವಾಗದಿರಲಿ ಎಂದು ಹೀಗೆ ಮಾಡಿರುತ್ತಾರೆ. ಇದನ್ನರಿಯದೆ ಎಡಗಡೆಯ ನಟ್ಟಿಗೆ ಸುತ್ತಿಗೆಯ ಏಟು ಕೊಟ್ಟು ಷಾಫ್ಟನ್ನೇ ಡೊಂಕು ಮಾಡಿದವರುಂಟು.

ಚಕ್ರದ ಮೇಲೆ ಬರೆದಿರುವ ವೇಗವನ್ನು ಓದಿ. ಸುಟ್ಟ ಮಣ್ಣಿನ ಬಂಧದ ಸಾಮಾನ್ಯ ಚಕ್ರಗಳಿಗೆ ಸೆಕೆಂಡಿಗೆ ೩೩ ಅಥವಾ ೩೫ ಮೀಟರಿನ ಮಿತಿ ಇರುತ್ತದೆ. ೧೦ ಅಂಗುಲದ ಚಕ್ರವನ್ನು ೨,೮೫೦ ಸುತ್ತಿನ ಮೋಟಾರಿಗೆ ಹಾಕಿದರೆ ಅಂಚಿನ ವೇಗ ೩೭ ಮೀಟರನ್ನು ದಾಟುತ್ತದೆ. ಹಳೆಯ ಮೋಟಾರಿಗೆ ಪುಲ್ಲಿ ಬೆಲ್ಟು ಹಾಕಿ ಮನೆಯಲ್ಲೇ ಗ್ರೈಂಡರು ಮಾಡಿಕೊಳ್ಳುವ ಜಾಣರು ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಹಾಕಿಕೊಳ್ಳಬೇಕು.

ತೂತು ಷಾಫ್ಟಿಗೆ ಸುಲಭವಾಗಿ ಸೇರಬೇಕು, ಆದರೆ ಗಲಗಲ ಎನ್ನಬಾರದು. ಬಲವಂತವಾಗಿ ತುರುಕಿದರೆ ಚಕ್ರ ಸೀಳುತ್ತದೆ. ತೂತು ದೊಡ್ಡದಾದರೆ ಚಕ್ರದ ಜೊತೆಗೇ ಬರುವ ಬಳೆಯಂಥ ಬುಷ್ಷುಗಳನ್ನು ಹಾಕಬೇಕು; ತಗಡು, ಕಾಗದ, ದಾರ ಯಾವುದೂ ಆಗದು. ಚಕ್ರದ ಎರಡೂ ಬದಿಗೆ ಫ್ಲ್ಯಾಂಜ್ ಎಂಬ ಲೋಹದ ಬಿಲ್ಲೆಗಳು ಬರುತ್ತವೆ. ಎರಡರ ಅಗಲವೂ ಒಂದೇ ಆಗಿರಬೇಕು, ಚಕ್ರದ ಅಗಲದ ಮೂರನೆಯ ಒಂದು ಭಾಗಕ್ಕೆ ಕಡಮೆಯಾಗಬಾರದು. ಬಿಲ್ಲೆಯ ನಡುಭಾಗ ತಗ್ಗಾಗಿದ್ದು ಅಂಚು ಮಾತ್ರ ಚಕ್ರವನ್ನು ಮುಟ್ಟುವಂತೆ ಮಾಡಿರುತ್ತಾರೆ. ಒಂದು ಬಿಲ್ಲೆ ಕಳೆದುಹೋಯಿತೆಂದು ಅದರ ಬದಲು ಸಣ್ಣ ವಾಷರನ್ನು ಹಾಕಿದರೆ ಒತ್ತಡವೆಲ್ಲ ಒಂದೇ ಜಾಗಕ್ಕೆ ಬಿದ್ದು ಅಲ್ಲಿಂದಲೇ ಬಿರುಕು ಹೊರಡುತ್ತದೆ. ಬಿಲ್ಲೆಗೂ ಚಕ್ರಕ್ಕೂ ನಡುವೆ ದಪ್ಪ ಕಾಗದದ ಬಿಲ್ಲೆಯಿರಬೇಕು. ಚಕ್ರಕ್ಕೆ ಅಂಟಿ ಬಂದಿರುವ ಈ ಕಾಗದವನ್ನು ಅಂಗಡಿಯ ಚೀಟಿಯೆಂದು ತಿಳಿದು ಕಿತ್ತು ಬಿಸಾಡುವವರೇ ಹೆಚ್ಚು! ಲೋಹ ನೇರವಾಗಿ ಕಲ್ಲನ್ನು ಒತ್ತದಂತೆ ಅದು ಮೆತ್ತೆಯಾಗಿ ಕೆಲಸ ಮಾಡುತ್ತದೆ. ನಟ್ಟನ್ನು ಚಕ್ರ ಜಾರದಷ್ಟು ಬಿಗಿದರೆ ಸಾಕು. ಸ್ಪ್ಯಾನರಿಗೆ ಪೈಪು ತೂರಿಸಿ ಎಳೆಯಬಾರದು.

ಕವಚವನ್ನು ಮತ್ತೆ ಹಾಕಿ. ಉಳಿ ಊರುವ ಪಟ್ಟಿಗೂ ಚಕ್ರಕ್ಕೂ ನಡುವೆ ೩ ಮಿಲಿಮೀಟರಿಗಿಂತ ಹೆಚ್ಚು ಸಂದು ಇರಕೂಡದು. ಮೇಲುಗಡೆ ಕವಚದ ನಾಲಿಗೆಗೂ ಚಕ್ರಕ್ಕೂ ನಡುವೆ ೬ ಮಿಲಿಮೀಟರು ಮಿತಿ. ಮೇಲಿನ ಸಂದನ್ನು ಅಳೆಯಲು ಮಕ್ಕಳ ಪೆನ್ಸಿಲು ಸಾಕು. ಯಂತ್ರ ನಿಂತಿರುವಾಗ ಈ ಎರಡು ಸಂದುಗಳಲ್ಲಿ ಯಾವುದರಲ್ಲಾದರೂ ಪೆನ್ಸಿಲು ತೂರಿದರೆ ಅದು ಅಗಲವಾಯಿತೆಂದೇ ಅರ್ಥ. ಕೆಳಗಿನ ಸಂದು ಅಗಲವಾದರೆ ಉಳಿಯೂ ಅದರ ಹಿಂದೆ ಬೆರಳೂ ಒಳಕ್ಕೆ ಸೆಳೆದುಕೊಳ್ಳುತ್ತವೆ. ಚಕ್ರ ಸವೆದಂತೆ ಸಂದು ದೊಡ್ಡದಾಗುತ್ತಲೇ ಹೋಗುವುದರಿಂದ ವಾರಕ್ಕೊಮ್ಮೆಯಾದರೂ ಪಟ್ಟಿಯನ್ನು ಮುಂದೆ ಸರಿಸಿ ಬಿಗಿಯಬೇಕು; ಅದೂ ಯಂತ್ರವನ್ನು ನಿಲ್ಲಿಸಿಯೇ.

ಈಗ ಪ್ಲಗ್ಗು ಹಾಕಿ, ಪಕ್ಕಕ್ಕೆ ಸರಿದು ನಿಂತು ಸ್ವಿಚ್ಚು ಒತ್ತಿ. ಒಂದು ನಿಮಿಷ ಬರಿದೆ ತಿರುಗಲಿ. ಒಡೆಯುವ ಚಕ್ರ ಸಾಮಾನ್ಯವಾಗಿ ಈ ಮೊದಲ ನಿಮಿಷದಲ್ಲೇ ಒಡೆಯುತ್ತದೆ. ಆಗ ಎದುರಿಗೆ ನೀವಿರಬೇಡಿ.

ವಿದ್ಯುತ್ತಿನ ವಿಷಯವಾಗಿ ಎರಡು ಮಾತು. ಯಂತ್ರದ ಮೈ ಕಬ್ಬಿಣದ್ದು, ಕೆಲಸದವರ ಕೈ ಒದ್ದೆ, ಕಾಲು ಬರಿಗಾಲು. ಗೋಡೆಯಲ್ಲಿ ಮೂರು ತೂತಿನ ಪ್ಲಗ್ಗು ಇದೆಯೆಂದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದಲ್ಲ. ಹಳೆಯ ಮನೆಗಳಲ್ಲಿ ಆ ಮೂರನೆಯ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಬಲ್ಲ ಎಲೆಕ್ಟ್ರೀಷಿಯನ್ನರಿಂದ ಪರೀಕ್ಷೆ ಮಾಡಿಸಿ, ೩೦ ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ಚನ್ನೂ ಹಾಕಿಸಿಕೊಳ್ಳಿ. ಇನ್ನೊಂದು, ಕರೆಂಟು ಹೋಗುವ ಕಾಟ. ಕೆಲಸದ ನಡುವೆ ಕರೆಂಟು ಹೋದರೆ ಉಳಿಯನ್ನು ಕೆಳಗಿಡುವ ಮೊದಲು ಸ್ವಿಚ್ಚನ್ನು ಆರಿಸಿ. ಇಲ್ಲವಾದರೆ ನೀವು ಒಳಗೆ ಕಾಫಿ ಕುಡಿಯುತ್ತಿರುವಾಗ ಕರೆಂಟು ಬಂದು, ಯಾರೂ ಇಲ್ಲದ ಜಗಲಿಯಲ್ಲಿ ಚಕ್ರ ತಾನೇ ತಿರುಗತೊಡಗುತ್ತದೆ. ವೋಲ್ಟೇಜು ತೀರ ಇಳಿದಾಗ ಮೋಟಾರು ತಿರುಗದೆ ಬರಿದೆ ಗುಂಯ್‌ಗುಡುವುದುಂಟು. ತಕ್ಷಣ ಆರಿಸದಿದ್ದರೆ ಸುಟ್ಟುಹೋಗುತ್ತದೆ.

ಉಡುಪಿನ ವಿಚಾರದಲ್ಲಿ ಹೆಣ್ಣುಮಕ್ಕಳಿಗೆ ಒಂದು ಕಿವಿಮಾತು: ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿ, ಬಳೆಯನ್ನು ಹಿಂದಕ್ಕೆ ಸರಿಸುವುದಕ್ಕಿಂತ ತೆಗೆದಿಟ್ಟೇ ಕೂರಿ. ಗಂಡಸರ ಹೆಗಲ ಟವೆಲಿಗೂ ಇದೇ ಮಾತು. ಬಟ್ಟೆಯ ಕೈಚೀಲ ಬೇಡವೇ ಬೇಡ. ಚಕ್ರ ಅದನ್ನು ಹಿಡಿದರೆ ಕೈಯನ್ನೂ ಸೇರಿಸಿ ಎಳೆಯುತ್ತದೆ. ಕನ್ನಡಕವಿಲ್ಲದೆ ಒಂದು ಉಳಿಯನ್ನೂ ಮುಟ್ಟಿಸಬೇಡಿ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬಾರದು. ಸೆರಗಿನ ತುದಿಯಿಂದ ತೆಗೆಯುವುದು, ಹರಳೆಣ್ಣೆ ಬಿಡುವುದು, ಎದೆಹಾಲು ಹಿಂಡುವುದು ಇವೆಲ್ಲ ನಮ್ಮಲ್ಲಿ ಬಂದ ರೂಢಿ. ಕಬ್ಬಿಣದ ಚೂರು ಕಣ್ಣಿನಲ್ಲಿ ಉಳಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಊರಿನಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ.

ಇಷ್ಟಾದ ಮೇಲೆ ಉಳಿಯ ಹದದ ಮಾತು. ಹಳೆಯ ಅರಗಳನ್ನು ತಟ್ಟಿಸಿ ಮಾಡಿದ ಉಳಿ ಇಂಗಾಲದ ಉಕ್ಕಿನದು. ಚಕ್ರದ ಬಿಸಿಗೆ ಅದರ ಬಾಯಿ ಮೊದಲು ಹುಲ್ಲಿನ ಹಳದಿಗೆ, ಆಮೇಲೆ ನೀಲಿಗೆ ತಿರುಗುತ್ತದೆ. ನೀಲಿ ಬಂತೆಂದರೆ ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡ್ ಮುಟ್ಟಿತು, ಹದ ಹೋಯಿತು. ಆ ಭಾಗವನ್ನೆಲ್ಲ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಮೆಲ್ಲಗೆ ಒತ್ತಿ, ಮತ್ತೆ ಮತ್ತೆ ನೀರಿಗೆ ಅದ್ದಿ. ಹೈಸ್ಪೀಡ್ ಉಕ್ಕಿನ ಉಳಿ ಇದಕ್ಕಿಂತ ಬಹಳ ಹೆಚ್ಚು ಬಿಸಿಯನ್ನು ತಡೆಯುತ್ತದೆ. ಅದನ್ನು ಕಾದಾಗ ನೀರಿಗೆ ಅದ್ದಿದರೆ ಸಣ್ಣ ಬಿರುಕು ಬರಬಹುದು, ಗಾಳಿಗೆ ಆರಲಿ. ಯಂತ್ರದ ಜೊತೆ ಬರುವ ಬೂದುಬಣ್ಣದ ಒರಟು ಚಕ್ರ ಕೊಡಲಿಗೆ ಸರಿ. ಬೊಂಬೆಯ ಉಳಿಗೆ ೬೦ ಅಥವಾ ೮೦ ನಂಬರಿನ ಬಿಳಿಯ ಚಕ್ರ ಒಳ್ಳೆಯದು. ಕಲ್ಲುಕೆಲಸದವರ ಕಾರ್ಬೈಡ್ ತುದಿಯ ಉಳಿಗೆ ಹಸುರು ಚಕ್ರವೇ ಬೇಕು. ಹಿತ್ತಾಳೆ, ಅಲ್ಯೂಮಿನಿಯಂ, ಮರ ಇವನ್ನು ಇಂಥ ಚಕ್ರಕ್ಕೆ ಹಿಡಿಯಬೇಡಿ. ಅದರ ರಂಧ್ರಗಳು ತುಂಬಿ ಮುಖ ನುಣ್ಣಗಾಗುತ್ತದೆ, ಮುಂದೆ ಬರಿಯ ಬಿಸಿ. ಚಕ್ರದ ಪಕ್ಕಕ್ಕೆ ಒತ್ತಿ ಸಾಣೆ ಹಿಡಿಯುವುದೂ ತಪ್ಪು. ಮುಖ ನುಣ್ಣಗಾದಾಗ ಹಲ್ಲುಗಾಲಿಯ ಡ್ರೆಸ್ಸರಿನಿಂದ ಕೆರೆದು ಹೊಸ ಹರಳು ಬರಿಸಬೇಕು.

ತಟ್ಟಿದಾಗ "ದಬ್" ಎಂದ ಚಕ್ರವನ್ನು ಮೂಲೆಯಲ್ಲಿ ಇಡಬೇಡಿ, ಗುಜರಿಗೂ ಹಾಕಬೇಡಿ. ಯಾರಾದರೂ ತೆಗೆದುಕೊಂಡು ಹೋಗಿ ಮತ್ತೆ ಏರಿಸುತ್ತಾರೆ. ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ನಾಲ್ಕು ಚೂರು ಮಾಡಿಬಿಡಿ. ಒಂದು ಚೂರನ್ನು ಬಚ್ಚಲ ಕಲ್ಲಿನ ಬಳಿ ಇಟ್ಟುಕೊಂಡರೆ ಈಳಿಗೆ, ಕತ್ತಿಗಳನ್ನು ಕೈಯಲ್ಲೇ ಮಸೆಯಲು ವರ್ಷಾನುಗಟ್ಟಲೆ ಬರುತ್ತದೆ.